ಜಾಲದಲ್ಲಿ ಮುದ್ರಾಪರೀಕ್ಷೆ

ತೊಗರಿಯ ರಾಶಿಯು ಮುಗಿದು ಮಾರಾಟದ ನೋಂದಣಿಗೆ ಪಹಣಿ ಬೇಕಾದಾಗ, ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳ ಅನೇಕ ಗೃಹಸ್ಥರು ಈಗ ಕೈಯಲ್ಲಿನ ಫೋನಿನಿಂದಲೇ ಸರಕಾರದ ಜಾಲತಾಣವನ್ನು ತೆರೆಯುವರು. ಆಗ ಒಮ್ಮೊಮ್ಮೆ ಪುಟಕ್ಕೆ ಬದಲಾಗಿ "ನಿಮ್ಮ ಸಂಪರ್ಕವು ಖಾಸಗಿಯಾಗಿಲ್ಲ" ಎಂಬ ಎಚ್ಚರಿಕೆಯು ತೋರುವುದು. ಕೆಲವರು ಫೋನು ಕೆಟ್ಟಿತೆಂದು ದುರಸ್ತಿಯ ಅಂಗಡಿಗೆ ಓಡುವರು. ಹಲವರು ಕೆಳಗಿನ ಸಣ್ಣಕ್ಷರಗಳನ್ನು ಒತ್ತಿ ಒಳನುಗ್ಗುವರು. ಈ ಎರಡನೆಯವರ ವಿಷಯದಲ್ಲಿಯೇ ನಮಗೆ ಚಿಂತೆ ಹೆಚ್ಚು. ಏಕೆಂದರೆ ಬ್ಯಾಂಕಿನ ಪಾಸ್‌ವರ್ಡು, ಆಧಾರದ ಸಂಖ್ಯೆ, ಓ.ಟಿ.ಪಿ. ಇವೆಲ್ಲವೂ ಅದೇ ಬಾಗಿಲಿನಿಂದ ಹೋಗತಕ್ಕವು.

ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವೆಂಬುದು ವಾಚಕರಿಗೆ ವಿದಿತವಾದ ಸಂಗತಿ. ಆ ಅರಸರು ದಾನಪತ್ರದ ತಾಮ್ರದ ಹಲಗೆಗಳನ್ನು ಒಂದು ಬಳೆಯಲ್ಲಿ ಪೋಣಿಸಿ, ಬಳೆಯ ತುದಿಗಳು ಕೂಡುವಲ್ಲಿ ಗರುಡಮುದ್ರೆಯನ್ನು ಹಾಕಿಸುತ್ತಿದ್ದರು. ಆದರೂ ಕೃತಕ ಶಾಸನಗಳು ಹುಟ್ಟದೆ ಇರಲಿಲ್ಲ; ಮನುಸ್ಮೃತಿಯ 9ನೆಯ ಅಧ್ಯಾಯವು ಕೂಟಶಾಸನ ಮಾಡಿದವನಿಗೆ ವಧದಂಡವನ್ನೇ ವಿಧಿಸಿದೆ. ಜಾಲತಾಣದ ಪ್ರಮಾಣಪತ್ರವೂ ಇಂತಹ ಮುದ್ರೆಯ ಪತ್ರವೇ. ಅದರಲ್ಲಿ ತಾಣದ ಹೆಸರು, ಸಿಂಧುವಾಗಿರುವ ಅವಧಿ, ತಾಣದ ಬಹಿರಂಗ ಕೀಲಿ, ಕೊಟ್ಟ ಸಂಸ್ಥೆಯ ಸಹಿ ಇಷ್ಟು ಇರುವುವು. ಆ ಸಂಸ್ಥೆಗೆ ಅದಕ್ಕಿಂತ ಮೇಲಿನದೊಂದು ಸಹಿ ಹಾಕಿರುವುದು. ಹೀಗೆ ಏರುತ್ತ ಹೋದರೆ ಮೂಲ ಪ್ರಮಾಣಪತ್ರವು ಸಿಕ್ಕುವುದು. ಅದು ನಮ್ಮ ಫೋನಿನಲ್ಲಿ ಮೊದಲೇ ಅಡಕವಾಗಿರತಕ್ಕದ್ದು. ಈ ಪರಂಪರೆಯಲ್ಲಿ ಎಲ್ಲಿ ಕೊರತೆಯಾದರೂ ಎಚ್ಚರಿಕೆಯು ಏಳುವುದು.

ಮೊದಲು ನೋಡಬೇಕಾದುದು ಗಡಿಯಾರ. ಒಂದೇ ತಾಣವಲ್ಲ, ಎಲ್ಲ ತಾಣಗಳೂ ಏಕಕಾಲಕ್ಕೆ ಮುನಿದರೆ ದಿನಾಂಕವು ತಪ್ಪಿದೆಯೆಂದು ತಿಳಿಯಬಹುದು. ಹಳೆಯ ಕಂಪ್ಯೂಟರಿನೊಳಗೆ ನಾಣ್ಯದಾಕಾರದ ಸಣ್ಣ ಬ್ಯಾಟರಿಯೊಂದಿರುವುದು. ಅದು ಸತ್ತರೆ ಕರೆಂಟು ಹೋಗಿ ಬಂದೊಡನೆ ಯಂತ್ರವು ಹಲವು ವರ್ಷ ಹಿಂದಕ್ಕೆ ಸರಿಯುವುದು. ಆ ಯಂತ್ರದ ದೃಷ್ಟಿಯಲ್ಲಿ ಇಂದಿನ ಪ್ರಮಾಣಪತ್ರವು ಇನ್ನೂ ಹುಟ್ಟಿಯೇ ಇಲ್ಲ! ಬ್ಯಾಟರಿಯನ್ನು ಬದಲಿಸಿ ದಿನಾಂಕವನ್ನು ತಿದ್ದಿದರೆ ಸಾಕು.

ಎರಡನೆಯದು ಹೆಸರು. ಜಾಲದ ವಿಳಾಸವು ತತ್ಪುರುಷ ಸಮಾಸದಂತೆ, ಉತ್ತರಪದವೇ ಪ್ರಧಾನ. ಮೊದಲ ಓರೆಗೆರೆಯ ಹಿಂದಿನ ಭಾಗವು "ಕರ್ನಾಟಕ ಡಾಟ್ ಗವ್ ಡಾಟ್ ಇನ್" ಎಂದು ಮುಗಿದರೆ ಅದು ಕರ್ನಾಟಕ ಸರಕಾರದ ತಾಣ. "ಕರ್ನಾಟಕ" ಎಂಬ ಪದವು ಮುಂದೆ ಬಂದು ಕೊನೆಯು ಮತ್ತೇನೋ ಆಗಿದ್ದರೆ ಒಡೆಯನೂ ಮತ್ತೊಬ್ಬನೇ. ಇಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ಎಚ್ಚರಿಕೆಯು ಬಾರದ ಮಾತ್ರಕ್ಕೆ ತಾಣದವನು ಸಜ್ಜನನೆಂದು ಅರ್ಥವಲ್ಲ. ವಂಚಕನೂ ತನ್ನ ಹೆಸರಿಗೆ ಸಕ್ರಮವಾದ ಪತ್ರವನ್ನು ಪಡೆಯಬಲ್ಲನು.

ರೈಲು ನಿಲ್ದಾಣದ ಉಚಿತ ವೈಫೈಯಲ್ಲಿ ಈ ಹೆಸರಿನ ತೊಡಕು ಬೇರೊಂದು ಬಗೆಯಲ್ಲಿ ಬರುವುದು. ವಾಡಿಯಂತಹ ಜಂಕ್ಷನ್ನಿನಲ್ಲಿ ಗಾಡಿಗೆ ಕಾಯುವವರು, ಫೋನ್ ನಂಬರು ಕೊಟ್ಟು ಒಳಸೇರುವ ಮೊದಲೇ ಬ್ಯಾಂಕನ್ನು ತೆರೆಯಹೋದರೆ, ಬ್ಯಾಂಕಿನ ಸ್ಥಾನದಲ್ಲಿ ವೈಫೈಯೇ ಉತ್ತರ ಕೊಡುವುದು. ಹೆಸರು ಹೊಂದದೆ ಎಚ್ಚರಿಕೆ ಏಳುವುದು. ಸಿಮ್ಮಿನ ಡೇಟಾದಲ್ಲಿ ಅದೇ ತಾಣವು ಶಾಂತವಾಗಿ ತೆರೆದರೆ ದೋಷವು ಆ ವೈಫೈಯದು. ಹಣದ ವ್ಯವಹಾರವನ್ನು ಅಲ್ಲಿ ಮಾಡತಕ್ಕದ್ದಲ್ಲ.

ಇನ್ನು ಅತ್ಯಂತ ಗೊಂದಲದ ಪ್ರಸಂಗ: ಮಗನ ಕಂಪ್ಯೂಟರಿನಲ್ಲಿ ತೆರೆಯುವ ತಾಣವು ತಂದೆಯ ಫೋನಿನಲ್ಲಿ ತೆರೆಯದು. ಮನೆಯಲ್ಲಿ ಆಗುವ ವಾದಕ್ಕೆ ಮಿತಿಯಿಲ್ಲ. ಬಹಳ ಸಲ ಇಬ್ಬರದೂ ತಪ್ಪಲ್ಲ. ತಾಣದವರು ತಮ್ಮ ಪತ್ರವನ್ನು ಕಳುಹಿಸಿ, ಅದಕ್ಕೆ ಸಹಿ ಹಾಕಿದ ನಡುವಿನ ಸಂಸ್ಥೆಯ ಪತ್ರವನ್ನು ಜೊತೆಗೆ ಕಳುಹಿಸಲು ಮರೆತಿರುವರು. ಕಂಪ್ಯೂಟರು ಆ ಕೊಂಡಿಯನ್ನು ತಾನೇ ಹುಡುಕಿ ತಂದುಕೊಳ್ಳಬಹುದು. ಫೋನು ಅನೇಕವೇಳೆ ಹಾಗೆ ಮಾಡದು. ಇದನ್ನು ಫೋನಿನಲ್ಲಿ ಸರಿಪಡಿಸಲು ಯತ್ನಿಸುವುದು ವ್ಯರ್ಥ, ತಾಣದವರಿಗೇ ತಿಳಿಸಬೇಕು. ಫೋನೇ ತೀರ ಹಳೆಯದಾದರೆ ಕಾರಣವು ಬೇರೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯು ಲಕ್ಷಾಂತರ ತಾಣಗಳಿಗೆ ಉಚಿತವಾಗಿ ಪತ್ರ ಕೊಡುವುದು, ಆಂಡ್ರಾಯ್ಡ್ 7.1.1ಕ್ಕಿಂತ ಹಿಂದಿನ ಫೋನುಗಳಲ್ಲಿ ಅದರ ಮೂಲಪತ್ರವಿಲ್ಲ. ಅವಕ್ಕಾಗಿ ಮಾಡಿದ್ದ ಏರ್ಪಾಡು 2024ರಲ್ಲಿ ಮುಗಿದುಹೋಯಿತು.

ಇಷ್ಟೆಲ್ಲ ಪರೀಕ್ಷೆ ಅತಿಯಾಯಿತೆನ್ನುವವರು 2014ನ್ನು ನೆನೆಯಲಿ. ಆ ವರ್ಷ ಜುಲೈ 2ರಂದು, ನಮ್ಮ ದೇಶದ ಎನ್.ಐ.ಸಿ.ಯ ಪ್ರಮಾಣಪತ್ರ ವಿಭಾಗದಿಂದ ಗೂಗಲಿನ ತಾಣಗಳ ಹೆಸರಿಗೆ ಅನಧಿಕೃತ ಪತ್ರಗಳು ಹೊರಟಿರುವುದು ಗೂಗಲಿಗೆ ಗೊತ್ತಾಯಿತು. ಮರುದಿನವೇ ಕೇಂದ್ರದ ನಿಯಂತ್ರಕರು ಆ ವಿಭಾಗದ ಅಧಿಕಾರಪತ್ರಗಳನ್ನು ರದ್ದುಗೊಳಿಸಿದರು. ಅವುಗಳ ಮೂಲವನ್ನು ವಿಂಡೋಸ್ ನಂಬಿತ್ತು, ಫೈರ್‌ಫಾಕ್ಸ್ ನಂಬಿರಲಿಲ್ಲ. ಕೂಟಶಾಸನವು ತಾಮ್ರಯುಗದೊಡನೆ ಅಳಿದಿಲ್ಲ.

ಶಹಾಬಾದದ ಫರಸಿಕಲ್ಲಿನ ವ್ಯಾಪಾರಿಗಳಂತೆ ಸ್ವಂತ ತಾಣವುಳ್ಳವರಿಗೂ ಒಂದು ಮಾತು. ಪತ್ರದ ಗರಿಷ್ಠ ಅವಧಿಯು 398 ದಿನಗಳಿದ್ದುದನ್ನು 2026ರ ಮಾರ್ಚ್ 15ರಿಂದ 200ಕ್ಕೆ, 2029ರ ಮಾರ್ಚ್ 15ರಿಂದ 47ಕ್ಕೆ ಇಳಿಸಲು 2025ರಲ್ಲಿ ನಿರ್ಣಯವಾಗಿದೆ. ಡೈರಿಯಲ್ಲಿ ಬರೆದಿಟ್ಟು ನೆನಪು ಮಾಡಿಕೊಳ್ಳುವ ಕಾಲ ಹೋಯಿತು. ತಾನಾಗಿ ನವೀಕರಣವಾಗುವ ವ್ಯವಸ್ಥೆಯನ್ನು ತಾಣ ಕಟ್ಟಿಕೊಟ್ಟವರಿಂದ ಮಾಡಿಸಬೇಕು.

ಕಚೇರಿಗೆ ದೂರು ಕೊಡುವವರು "ತೆರೆಯುವುದಿಲ್ಲ" ಎಂದಷ್ಟೇ ಬರೆದರೆ ಯಾರಿಗೂ ಏನೂ ತಿಳಿಯದು. ತಾಣದ ಪೂರ್ಣ ವಿಳಾಸ, ನೋಡಿದ ದಿನ ಮತ್ತು ವೇಳೆ, ಯಾವ ಫೋನು, ಪರದೆಯ ಮೇಲೆ ಬಂದ ದೋಷದ ಹೆಸರು ಇವನ್ನು ಬರೆಯಬೇಕು. ಪರದೆಯ ಚಿತ್ರವನ್ನೇ ಕಳುಹಿಸಿದರೆ ಮತ್ತೂ ಒಳ್ಳೆಯದು. ಅಷ್ಟರಲ್ಲಿ ಪಹಣಿಯ ತುರ್ತಿರುವವರು ತಾಲ್ಲೂಕು ಕಚೇರಿಯ ಭೂಮಿ ಕೇಂದ್ರಕ್ಕೆ ಹೋಗಬಹುದು. ಅಲ್ಲಿ ಕಿಟಕಿಯ ಮುಂದೆ ಸರದಿಯು ಉದ್ದವಾಗಿರಬಹುದು. ಬುತ್ತಿ ಕಟ್ಟಿಕೊಂಡು ಹೋಗುವುದು ಲೇಸು.