ಹಳೆಯ ಕಂಠ, ಹೊಚ್ಚ ಹೊಸ ಆಲ್ಬಂ

ಯಕ್ಷಗಾನದ ಹಾಡುಗಾರ ನೆಬ್ಬೂರು ನಾರಾಯಣ ಭಾಗವತರು ತೀರಿಕೊಂಡದ್ದು 2019ರ ಮೇ ತಿಂಗಳಲ್ಲಿ. ಅವರ ಹೊಸ ಪದ್ಯಗಳು ಇಂದಿಗೂ ಹೊರಬರುತ್ತಲೇ ಇವೆ! ಹೊಸದು ಅಂದರೆ ನನಗೆ, ನಿಮಗೆ, ಆ ರಾತ್ರಿ ಆ ಆಟಕ್ಕೆ ಹೋಗಿರದ ಎಲ್ಲರಿಗೂ ಹೊಸದು. ಎಂದೋ, ಯಾವುದೋ ಗದ್ದೆಬಯಲಲ್ಲಿ ಅಭಿಮಾನಿಯೊಬ್ಬ ಟೇಪ್‌ರೆಕಾರ್ಡರ್ ಹಿಡಿದು ರಂಗಸ್ಥಳದ ಬುಡದಲ್ಲೇ ಕೂತಿರುತ್ತಾನೆ. ಕ್ಯಾಸೆಟ್ಟು ವರ್ಷಗಟ್ಟಲೆ ಅಟ್ಟದ ಮೇಲೆ ಬಿದ್ದಿರುತ್ತದೆ. ಒಂದು ದಿನ ಮನೆಯ ಹುಡುಗರ್‍ಯಾರೋ ಅದನ್ನು ಕಂಪ್ಯೂಟರಿಗೆ ಇಳಿಸಿ ಯೂಟ್ಯೂಬಿಗೆ ಹಾಕುತ್ತಾರೆ. ಅಷ್ಟೇ. ಬಿಡುಗಡೆ ಸಮಾರಂಭವಿಲ್ಲ, ಪೋಸ್ಟರ್ ಇಲ್ಲ, ಅತಿಥಿಗಳ ಭಾಷಣವಂತೂ ಇಲ್ಲವೇ ಇಲ್ಲ (ಶಿರಸಿ ಸೀಮೆಯಲ್ಲಿ ಇದೇ ದೊಡ್ಡ ಪವಾಡ).

ಅಮೆರಿಕದಲ್ಲಿ ಹಿರಿಯ ಹಾಡುಗಾರರ ಆಲ್ಬಂ ಬಂದರೆ ಎಂಥ ಸಂಭ್ರಮ! ಕಂಟ್ರಿ ಸಂಗೀತದ ವಿಲ್ಲಿ ನೆಲ್ಸನ್ 2025ರ ಏಪ್ರಿಲ್‌ನಲ್ಲಿ, ತೊಂಬತ್ತೆರಡು ತುಂಬಲು ಇನ್ನೇನು ದಿನಗಳಿವೆ ಎನ್ನುವಾಗ ಹೊಸ ಆಲ್ಬಂ ಕೊಟ್ಟರು. ಬಾಬ್ ಡಿಲನ್ 2020ರಲ್ಲಿ, ಎಪ್ಪತ್ತೆಂಟರ ಪ್ರಾಯದಲ್ಲಿ, ಹದಿನೇಳು ನಿಮಿಷದ ಒಂದೇ ಹಾಡು ಹೊರತಂದರು. ಲೋಕವೆಲ್ಲ ಬೆರಗಾಯಿತು, ಹದಿನೇಳು ನಿಮಿಷವೇ ಎಂದು.

ನಮ್ಮ ಭಾಗವತರು ಇದನ್ನು ಕೇಳಿದ್ದರೆ ನಕ್ಕು ತಾಳ ಕೈಗೆತ್ತಿಕೊಳ್ಳುತ್ತಿದ್ದರು. ರಾತ್ರಿ ಪೂರ್ವರಂಗದಿಂದ ಹಿಡಿದು ಬೆಳಗಿನ ಮಂಗಳ ಪದ್ಯದವರೆಗೆ ಇವರ ಬದುಕು!

ಈ ಉದ್ದದ ವಿಷಯದಲ್ಲೇ ನನಗೆ ಮೈ ಜುಮ್ಮೆಂದದ್ದು. ಹಳೆಯ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷ. 1948ರಲ್ಲಿ ಬಂದ ಎಲ್‌ಪಿ ತಟ್ಟೆಯ ಒಂದು ಬದಿಗೆ ಇಪ್ಪತ್ತು ಚಿಲ್ಲರೆ ನಿಮಿಷ. ಕ್ಯಾಸೆಟ್ಟು ಬಂತು: ಅರವತ್ತು, ಇಲ್ಲವೇ ತೊಂಬತ್ತು ನಿಮಿಷ, ಅದೂ ನಡುವೆ ಮಗುಚಿ ಹಾಕಬೇಕು. ಸಿಡಿಗೆ ಎಪ್ಪತ್ತನಾಲ್ಕು. ಇವುಗಳಲ್ಲಿ ಯಾವುದರೊಳಗೂ ಒಂದು ಇಡೀ ಆಟ ಹಿಡಿಸಲಿಲ್ಲ. ಕ್ಯಾಸೆಟ್ ಕಾಲದಲ್ಲಿ ಪ್ರಸಂಗವನ್ನು ಕತ್ತರಿಸಿ ಕತ್ತರಿಸಿ, ಆಯ್ದ ಪದ್ಯ, ಚೂರು ಅರ್ಥ, ಒಂದು ಯುದ್ಧದ ಚಂಡೆ ಇಷ್ಟನ್ನು ತುಂಬಿದರು. ವೇಷ ಕಾಣದ ಆ ಪೆಟ್ಟಿಗೆಯಲ್ಲಿ ರಾಜನಾಗಿ ಮೆರೆದವನು ಭಾಗವತ. ಪದ್ಯ ಕೇಳುವುದಕ್ಕೆಂದೇ ಜನ ಸೇರುವ ಗಾನವೈಭವಗಳಿಗೆ ಕಿವಿ ಹದವಾದದ್ದು ಅಲ್ಲೇ ಎಂದು ನನ್ನ ಗುಮಾನಿ.

ಅದನ್ನು ಕೇಳಿಸಿಕೊಂಡವರಾದರೂ ಯಾರು? ಚಳಿಗಾಲದ ರಾತ್ರಿ ಅಡಿಕೆ ಸುಲಿಯಲು ಕೂತವರು! ಮೆಟ್ಟುಕತ್ತಿಯ ಮೇಲೆ ಕೈ ತನ್ನಷ್ಟಕ್ಕೆ ಓಡುತ್ತಿರುತ್ತದೆ, ಕಿವಿ ಖಾಲಿ. ಅದನ್ನು ತುಂಬುತ್ತಿದ್ದದ್ದು ಟೇಪ್‌ರೆಕಾರ್ಡರು. ಇಂಥ ಕೇಳುಗರಿಗೆ ಯಾವ ಪದ್ಯದಲ್ಲಿ ಭಾಗವತರು ಉಸಿರು ತೆಗೆದುಕೊಂಡರು ಎಂಬುದೂ ಬಾಯಿಪಾಠ. ಇಂದು ಅದೇ ಜಾಗದಲ್ಲಿ ಬ್ಲೂಟೂತ್ ಸ್ಪೀಕರ್ ಕೂತಿದೆ, ಅದರಿಂದ ಎಂಟು ತಾಸಿನ ಆಟ ಅಖಂಡವಾಗಿ ಹರಿಯಬಲ್ಲದು. ಕೊನೆಗೂ ಯಂತ್ರಕ್ಕೆ ಯಕ್ಷಗಾನದಷ್ಟು ಉದ್ದ ಬಂತು! ಆದರೆ ತಮಾಷೆ ನೋಡಿ, ಹಿಡಿಯುವ ಪಾತ್ರೆ ದೊಡ್ಡದಾದ ಹೊತ್ತಿಗೇ ಆಟ ಚಿಕ್ಕದಾಯಿತು. ಈಗ ಎಷ್ಟೋ ಕಡೆ ಕಾಲಮಿತಿ, ಕೆಲವೇ ತಾಸಿಗೆ ಮಂಗಳ.

ನೆಬ್ಬೂರರ ಧ್ವನಿಮುದ್ರಣಗಳನ್ನು ಸಾಲಾಗಿ ಕೇಳಿ, ಒಂದು ರಾತ್ರಿ ಅದಕ್ಕೇ ಇಡಿ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದಲ್ಲಿ ದಶಕಗಳ ಕಾಲ ಹಾಡಿದವರು ಅವರು. ಅದೇ ಮೇಳದ ವೇಷಧಾರಿ ಶಂಭು ಹೆಗಡೆಯವರು ಒಂದು ಸಾಲಿಗೆ ಅಭಿನಯ ಬಿಡಿಸುತ್ತಾ ಹೋದಂತೆ ನೆಬ್ಬೂರರು ಅದೇ ಸಾಲನ್ನು ಮತ್ತೆ ಹಾಡುತ್ತಾರೆ, ಮತ್ತೆ, ಮತ್ತೆ. ಪ್ರತಿಸಲವೂ ಬೇರೆ! ಯಾವ ರಾತ್ರಿಯ ಪದ್ಯವೂ ಇನ್ನೊಂದು ರಾತ್ರಿಯದಲ್ಲ. ಸ್ಟುಡಿಯೋದಲ್ಲಿ ಒಮ್ಮೆ ಹಾಡಿ ಮುಗಿಸುವವರಿಗೆ ಆಲ್ಬಂ ಎಣಿಸಬಹುದು. ಭಾಗವತರದ್ದನ್ನು ಎಣಿಸುವುದು ಹೇಗೆ? ಆಟಕ್ಕೊಂದು ಆಲ್ಬಂ!

ವಯಸ್ಸಾದಂತೆ ಶ್ರುತಿ ಇಳಿಯುತ್ತದೆ, ಏರು ಪದ್ಯದಲ್ಲಿ ದಣಿವು ಕಾಣುತ್ತದೆ. ಕರುಣರಸದ ಪದ್ಯ ಮಾತ್ರ ಆಗಲೇ ಹಣ್ಣಾಗುವುದು. ಅಮೆರಿಕದ ಹಾಡುಗಾರ ಜಾನಿ ಕ್ಯಾಶ್ 2002ರಲ್ಲಿ, ಸಾಯುವ ಹಿಂದಿನ ವರ್ಷ, ಒಡೆದ ದನಿಯಲ್ಲಿ ಹಾಡಿದ್ದನ್ನು ಕೇಳಿ ಕಣ್ಣೊರೆಸಿಕೊಂಡವರು ನಮ್ಮ ಹಿರಿಯ ಭಾಗವತರ ಕೊನೆಗಾಲದ ಪದ್ಯವನ್ನೂ ಕೇಳಬೇಕು. ತರುಣ ಕಂಠಕ್ಕೆ ಸುಲಭವಾಗಿ ದಕ್ಕುವ ಸ್ವರವನ್ನು ಬಿಟ್ಟುಕೊಟ್ಟು, ಮಾತಿನ ಅರ್ಥವನ್ನಷ್ಟೇ ಹಿಡಿದು ನಿಲ್ಲುತ್ತಾರೆ.

ತಾನೇ ಬರೆದು ತಾನೇ ಹಾಡುವ ಜಾನಪದ ಗಾಯಕರು ಬೇಕೆ? ಶಿರಸಿ ಸೀಮೆಯ ಹೊಸ್ತೋಟ ಮಂಜುನಾಥ ಭಾಗವತರಿದ್ದರು, 2020ರ ಜನವರಿಯವರೆಗೂ ಇದ್ದರು! ಪ್ರಸಂಗ ಬರೆದರು, ಹಾಡಿದರು, ಕುಣಿಯಲು ಕಲಿಸಿದರು, ಕಣ್ಣು ಕಾಣದವರಿಗೂ ಯಕ್ಷಗಾನ ಕಲಿಸಿ ರಂಗಕ್ಕೆ ತಂದರು. ಅವರ ಪದ್ಯಗಳನ್ನು ಈಗ ಬೇರೆ ಕಂಠಗಳು ಎತ್ತಿಕೊಂಡಿವೆ. ಸಿದ್ದಾಪುರದ ಕಡೆ ಬಂದರೆ ಕೊಳಗಿ ಕೇಶವ ಹೆಗಡೆಯವರ ಭಾಗವತಿಕೆ. ಅಲ್ಲಿ ರಾಗ ನಿಧಾನವಾಗಿ ಅರಳುವುದನ್ನು ಕೇಳಿ.

ಯಲ್ಲಾಪುರಕ್ಕೆ ಬಂದರೆ ಅಚ್ಚರಿ ಇಮ್ಮಡಿಸುತ್ತದೆ. ಬಸವರಾಜ ರಾಜಗುರು ಮತ್ತು ಸಿ.ಆರ್. ವ್ಯಾಸರಲ್ಲಿ ಕಲಿತ ಪಂಡಿತ್ ಗಣಪತಿ ಭಟ್ಟರು ಮುಂಬೈಯನ್ನೋ ಪುಣೆಯನ್ನೋ ಅಪ್ಪಿಕೊಳ್ಳದೆ ಹಾಸಣಗಿಯಲ್ಲೇ ನೆಲೆಯಾದರು. ತೋಟದ ನಡುವಿನ ಆ ಊರಿನ ಹೆಸರೇ ಹಿಂದೂಸ್ತಾನಿ ಸಂಗೀತದ ಸಭೆಗಳಲ್ಲಿ ಅವರ ಹೆಸರಿನ ಜೊತೆ ತಿರುಗುತ್ತದೆ! ಅದೇ ತಾಲೂಕಿನ ಕಾಡಂಚಿನಲ್ಲಿ ಸಿದ್ದಿ ಜನ ಡಮಾಮಿ ಬಾರಿಸುತ್ತಾರೆ. ಅವರ ಪೂರ್ವಿಕರು ಆಫ್ರಿಕಾದವರು, ಹಾಡು ಕೊಂಕಣಿ, ಕನ್ನಡಗಳಲ್ಲಿ. ಅಮೆರಿಕದ ರಾಕ್, ಬ್ಲೂಸ್‌ಗಳ ಬೇರೂ ಆಫ್ರಿಕಾಕ್ಕೇ ಹೋಗುತ್ತದಲ್ಲ! ಒಂದೇ ಖಂಡದಿಂದ ಹೊರಟವರು, ಒಂದು ಕವಲು ಮಿಸಿಸಿಪ್ಪಿಯ ದಡಕ್ಕೆ, ಇನ್ನೊಂದು ನಮ್ಮ ಘಟ್ಟದ ಕಾಡಿಗೆ. ಅಲ್ಲಿನವರ ಹಾಡು ಲೋಕವನ್ನೆಲ್ಲ ಆಳಿತು. ಇಲ್ಲಿನ ಅಜ್ಜಿಯರ ಹಾಡು ಬಹುಮಟ್ಟಿಗೆ ಹುಡುಗರ ಮೊಬೈಲ್ ತುಣುಕುಗಳಲ್ಲಿ ಉಳಿದಿದೆ.

ಒಂದು ಜಗಳ ಮಾತ್ರ ಬಾಕಿ ಇದೆ. ಹೀಗೆ ಏರಿಸುವ ಎಷ್ಟೋ ಧ್ವನಿಮುದ್ರಣಗಳಲ್ಲಿ ಭಾಗವತರ ಹೆಸರೊಂದೇ ಇರುತ್ತದೆ. ಮದ್ದಳೆ ಯಾರದು? ಚಂಡೆ ಯಾರದು? ಯಾವ ಊರು, ಯಾವ ವರ್ಷ? ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಅಪ್ಪನೋ ಅಜ್ಜನೋ ಬಾಲ್‌ಪೆನ್ನಿನಲ್ಲಿ ಗೀಚಿಟ್ಟದ್ದು ಅದೇ. ಮಲೆನಾಡಿನ ಮಳೆಗಾಲಕ್ಕೆ ಟೇಪಿಗೆ ಬೂಷ್ಟು ಹಿಡಿಯುವ ಮೊದಲು ಇಳಿಸಿಕೊಳ್ಳಿ, ಆ ಗೀಚನ್ನೂ ಫೋಟೋ ತೆಗೆದು ಜೊತೆಗೆ ಹಾಕಿ.