ಮಣ್ಣಿನ ಆಕೃತಿ, ಓದಿನ ಪಾಠ

ಮುಂಬಯಿಯ ವಿಲೆ ಪಾರ್ಲೆಯಂತಹ ಉಪನಗರದಲ್ಲಿ ಬೆಳೆಯುವ ಕನ್ನಡ ಮಗುವು ಮನೆಯಲ್ಲಿ ಕನ್ನಡ ಅಥವಾ ತುಳುವನ್ನೂ, ಬೀದಿಯಲ್ಲಿ ಮರಾಠಿ, ಹಿಂದಿಗಳನ್ನೂ ಕೇಳುತ್ತದೆ. ಆದರೆ ಅಂಗಡಿ, ಬಸ್ಸು, ರೈಲು ನಿಲ್ದಾಣಗಳ ಫಲಕಗಳಲ್ಲಿ ಕನ್ನಡ ಲಿಪಿ ಅದರ ಕಣ್ಣಿಗೆ ಬೀಳುವುದು ವಿರಳ. ಬೃಹನ್ಮುಂಬಯಿ ಮಹಾನಗರಪಾಲಿಕೆಯು ಕನ್ನಡವೂ ಸೇರಿದಂತೆ 8 ಭಾಷಾ ಮಾಧ್ಯಮಗಳಲ್ಲಿ ಶಾಲೆಗಳನ್ನು ನಡೆಸುತ್ತಿದೆ. ಆದರೂ ಪಠ್ಯಪುಸ್ತಕದಲ್ಲಿ ಮಾತ್ರ ಕಂಡ ಅಕ್ಷರವು ಬೇಗನೆ ಮರೆತುಹೋಗುವ ಸಂಭವವಿದೆ. ಓದಿನ ಪಾಠದೊಡನೆ ಸರಳ ಮಣ್ಣಿನ ಕೆಲಸವನ್ನು ಜೋಡಿಸುವುದು ಇದಕ್ಕೆ ಒಂದು ಸುಲಭ ಪರಿಹಾರ.

ಹಿನ್ನೆಲೆ

ಈ ವಿಚಾರ ಹೊಸತಲ್ಲ. ಕೈಕೆಲಸವನ್ನು ಕೇಂದ್ರವಾಗಿಸಿಕೊಂಡ ಶಿಕ್ಷಣವನ್ನು ಗಾಂಧೀಜಿಯವರು 1937ರ ವಾರ್ಧಾ ಸಮ್ಮೇಳನದಲ್ಲಿ ಪ್ರತಿಪಾದಿಸಿದರು. 1945ರಲ್ಲಿ ಬೋರ್ಡಿಯಲ್ಲಿ ಬಾಲವಾಡಿಯನ್ನು ಆರಂಭಿಸಿದ ತಾರಾಬಾಯಿ ಮೋಡಕ್ ಅವರು ಸ್ಥಳೀಯವಾಗಿ ದೊರೆಯುವ ವಸ್ತುಗಳನ್ನೇ ಕಲಿಕೆಯ ಸಾಧನಗಳನ್ನಾಗಿ ಮಾಡಿಕೊಂಡರು. 3ರಿಂದ 8 ವರ್ಷದ ಮಕ್ಕಳಿಗಾಗಿ 2022ರಲ್ಲಿ ಪ್ರಕಟವಾದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಹ ಆಟ, ಆಟಿಕೆ ಮತ್ತು ಕಲೆಯ ಮೂಲಕ ಕಲಿಕೆಗೆ ಮಹತ್ವ ನೀಡಿದೆ.

ಅಕ್ಷರದ ಪರಿಚಯ

ಕನ್ನಡದ ದುಂಡನೆಯ ಅಕ್ಷರಗಳು ಮಣ್ಣಿನ ಎಳೆಗೆ ಚೆನ್ನಾಗಿ ಒಗ್ಗುತ್ತವೆ. ಮಗುವು ಮಣ್ಣನ್ನು ಹೊಸೆದು ‘ದ’ ಅಕ್ಷರವನ್ನು ರಚಿಸಲಿ. ಅದರ ಕೆಳಗೆ ಚಿಕ್ಕ ಗೀಟೊಂದನ್ನು ಸೇರಿಸಿದರೆ ‘ಧ’, ಒಳಗೆ ಚುಕ್ಕೆಯನ್ನೂ ಇಟ್ಟರೆ ‘ಥ’. ಕಣ್ಣು ತಪ್ಪಿಸುವ ಸೂಕ್ಷ್ಮ ವ್ಯತ್ಯಾಸವನ್ನು ಬೆರಳು ನೆನಪಿಟ್ಟುಕೊಳ್ಳುತ್ತದೆ.

ಪಾಠದ ಕ್ರಮ

ಶಿಕ್ಷಕರು ನಾಲ್ಕೈದು ವಾಕ್ಯಗಳ ಕಿರುಪಾಠವನ್ನು ಕರಿಹಲಗೆಯ ಮೇಲೆ ಬರೆಯಬೇಕು. ಉದಾಹರಣೆಗೆ, ಕೊಂಬೆಯ ಮೇಲೆ ಗೂಡು, ಗೂಡಿನಲ್ಲಿ ಮೂರು ಮೊಟ್ಟೆ, ಪಕ್ಕದಲ್ಲಿ ತಾಯಿಹಕ್ಕಿ. ಮಕ್ಕಳು ಅದನ್ನು ತಾವೇ ಓದಿ, ಓದಿದ್ದನ್ನು ಮಣ್ಣಿನಲ್ಲಿ ಮಾಡಬೇಕು. ಗೂಡಿನಲ್ಲಿ ಎರಡೇ ಮೊಟ್ಟೆಗಳಿದ್ದರೆ ಗದರಿಸದೆ, ಸಂಬಂಧಿಸಿದ ವಾಕ್ಯವನ್ನು ಮತ್ತೊಮ್ಮೆ ಓದಿಸಬೇಕು. ಹೀಗೆ ಮಗುವಿಗೆ ಅರ್ಥವಾಗಿದೆಯೇ ಇಲ್ಲವೇ ಎಂಬುದು ಪ್ರಶ್ನೆ ಕೇಳದೆಯೇ ತಿಳಿಯುತ್ತದೆ. ಕೊನೆಯಲ್ಲಿ ಪ್ರತಿಯೊಂದು ವಸ್ತುವಿಗೂ ಹೆಸರಿನ ಚೀಟಿ ಅಂಟಿಸಿ, ತನ್ನ ಕೃತಿಯ ಕುರಿತು ಮಗುವು ಒಂದು ವಾಕ್ಯ ಬರೆದು ಗಟ್ಟಿಯಾಗಿ ಓದಬೇಕು. ಈ ಕೊನೆಯ ಹಂತವನ್ನು ಬಿಟ್ಟರೆ ಪಾಠವು ಕೇವಲ ಕೈಕೆಲಸವಾಗಿ ಉಳಿಯುತ್ತದೆ.

ಸಾಮಗ್ರಿ ಮತ್ತು ಎಚ್ಚರಿಕೆ

ಗಣೇಶ ಚತುರ್ಥಿಯ ಮೂರ್ತಿಗಳಿಗೆ ಬಳಸುವ ಶಾಡು ಮಣ್ಣು ಮುಂಬಯಿಯ ಮಕ್ಕಳಿಗೆ ಪರಿಚಿತವಾದುದು. ಇದನ್ನು ಸುಡುವ ಅಗತ್ಯವಿಲ್ಲ. ಒಣಗಿದ ಆಕೃತಿಗಳನ್ನು ನೀರಿನಲ್ಲಿ ನೆನೆಸಿದರೆ ಅದೇ ಮಣ್ಣು ಮುಂದಿನ ಪಾಠಕ್ಕೆ ಒದಗುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಗಟ್ಟಿಯಾಗುವಾಗ ಬಿಸಿಯೇರುವುದರಿಂದ ಅದನ್ನು ಮಕ್ಕಳ ಕೈಗೆ ಕೊಡಬಾರದು. ಮಣ್ಣಿನಲ್ಲಿ ಕಲ್ಲು, ಗಾಜಿನ ಚೂರುಗಳಿಲ್ಲವೆಂದು ಮೊದಲೇ ನೋಡಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ಮಕ್ಕಳು ಸಾಬೂನಿನಿಂದ ಕೈ ತೊಳೆಯಬೇಕು.

ಆಕೃತಿಯ ಅಂದವನ್ನು ಅಳೆಯುವುದು ಈ ಪಾಠದ ಉದ್ದೇಶವಲ್ಲ. ಸೊಟ್ಟಗಿರುವ ಹಕ್ಕಿಯ ಪಕ್ಕದ ಚೀಟಿಯನ್ನು ಮಗುವು ತಡವರಿಸದೆ ಓದಿದರೆ ಪಾಠ ಸಫಲವಾದಂತೆಯೇ. ಕನ್ನಡ ಓದಬಲ್ಲ ಹಿರಿಯರು ಮನೆಯಲ್ಲಿದ್ದರೆ ಆ ಚೀಟಿಯನ್ನು ಅವರ ಮುಂದೆ ಮತ್ತೊಮ್ಮೆ ಓದಿಸುವುದು ಒಳಿತು.