ಕಾಣದ ಜೀವಿಯ ಹಿಡಿತ

ಉಡುಪಿಯಿಂದ ಕಾಪುವಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕಟಪಾಡಿಯನ್ನು ಮಳೆಗಾಲದಲ್ಲಿ ಹಾದುಹೋದವರಿಗೆ, ತೆಂಗಿನ ಸಾಲುಗಳ ನಡುವೆ ಹಬ್ಬಿದ ಬೈಲುಗದ್ದೆಗಳ ಹಸುರು ಪರಿಚಿತವಾದುದೇ. ಏಣೆಲಿನ ಪೈರು ಎದ್ದು ನಿಂತಾಗ, ಮುಂಜಾನೆ ಒಂದೊಂದು ಗರಿಯ ತುದಿಯಲ್ಲಿಯೂ ಒಂದೊಂದು ಹನಿ ಹೊಳೆಯುತ್ತಿರುತ್ತದೆ. ನೋಡಿದವರು ಅದನ್ನು ಇಬ್ಬನಿಯೆಂದು ತಿಳಿಯುವುದು ಸಹಜ. ಆದರೆ ಅದರಲ್ಲಿ ಬಹುಪಾಲು ಗಿಡದ ಒಡಲಿನಿಂದಲೇ ಬಂದ ನೀರು. ಬೇರು ಹೀರಿ ಮೇಲಕ್ಕೆ ಕಳುಹಿಸಿದ ನೀರು ರಾತ್ರಿಯ ತೇವದಲ್ಲಿ ಆವಿಯಾಗಲಾರದೆ, ಗರಿಯ ಅಂಚಿನ ಸೂಕ್ಷ್ಮರಂಧ್ರಗಳಿಂದ ಒಸರಿ ನಿಲ್ಲುತ್ತದೆ. ಗಿಡಕ್ಕೆ ಉಪಕಾರಿಯಾದ ಈ ಜಲರಂಧ್ರಗಳೇ ಅದರ ಶತ್ರುವಿಗೂ ಹೆಬ್ಬಾಗಿಲು.

ಆ ಶತ್ರುವಿನ ಹೆಸರು ಕ್ಸಾಂತೊಮೊನಾಸ್ ಒರೈಜೆ. ಅದು ತರುವ ಬೇನೆಗೆ ಕೃಷಿಶಾಸ್ತ್ರದಲ್ಲಿ ‘ದುಂಡಾಣು ಅಂಗಮಾರಿ’ ಎಂದು ಹೆಸರು. ಹೆಸರಿನಲ್ಲಿ ದುಂಡಾಣುವಾದರೂ ಆಕಾರದಲ್ಲಿ ಅದು ಕಿರುಗಡ್ಡಿ. ಸಾವಿರವನ್ನು ಸಾಲಾಗಿ ಜೋಡಿಸಿದರೂ ಒಂದೆರಡು ಮಿಲಿಮೀಟರು ಮೀರದು. ಜಪಾನಿನ ಫುಕುವೋಕ ಪ್ರಾಂತದ ರೈತರು 1884ರಲ್ಲಿ ಈ ಬೇನೆಯನ್ನು ಮೊದಲು ಗಮನಿಸಿದರು. ಭಾರತದಲ್ಲಿ ಇದು 1951ರಲ್ಲಿ ಮಹಾರಾಷ್ಟ್ರದ ಕಡೆ ಕಂಡುಬಂದು, 1963ರಲ್ಲಿ ಬಿಹಾರದ ಗದ್ದೆಗಳನ್ನು ಧ್ವಂಸಮಾಡಿತು. ಗರಿಯ ತುದಿಯಿಂದ ಅಂಚುಗುಂಟ ಹಳದಿಯ ಅಲೆಯೊಂದು ಇಳಿಯುತ್ತದೆ, ಗರಿ ಹುಲ್ಲಿನ ಬಣ್ಣಕ್ಕೆ ತಿರುಗಿ ಒಣಗುತ್ತದೆ, ತೆನೆ ಜೊಳ್ಳಾಗುತ್ತದೆ. ಬೇನೆ ಬೇಗ ಬಂದು ಬಲಿತರೆ ಫಸಲಿನ ಅರ್ಧದಷ್ಟು ಕೈಬಿಡುವುದೂ ಉಂಟು. ಮಳೆ, ಗಾಳಿ, ಸೆಕೆಗಳು ಕೂಡುವ ಕರಾವಳಿಯ ಹವೆ ಅದಕ್ಕೆ ಹೇಳಿ ಮಾಡಿಸಿದಂತಿದೆ.

ಎರಡು ಗೋಡೆಯ ಮನೆ

ಶತ್ರು ಬಾಗಿಲವರೆಗೆ ಬಂದರೆ ಸಾಲದು, ಅಲ್ಲಿ ನಿಲ್ಲಬೇಕು. ಕರಾವಳಿಯ ಜಡಿಮಳೆಯಾದರೋ ಗರಿಯನ್ನು ಬಿಡದೆ ತೊಳೆಯುತ್ತಿರುತ್ತದೆ. ಆದುದರಿಂದ ಈ ಜೀವಿ ತನ್ನ ಮೈಯ ಹೊರಗೆ ಅಂಟುಪ್ರೋಟೀನುಗಳನ್ನು ಚಾಚಿ, ಅವುಗಳಿಂದ ಗರಿಯನ್ನು ಹಿಡಿಯುತ್ತದೆ.

ಸೋಜಿಗವಿರುವುದು ಈ ಕೈಗಳು ಹೊರಗೆ ಬರುವ ಬಗೆಯಲ್ಲಿ. ಪ್ರೋಟೀನು ತಯಾರಾಗುವುದು ಜೀವಕೋಶದ ಒಳಗೆ. ಈ ಬಗೆಯ ಬ್ಯಾಕ್ಟೀರಿಯಗಳಿಗೆ ಎರಡು ಪೊರೆಗಳು. ನಡುವೆ ಕಿರಿದಾದ ಓಣಿ. ಒಳಪೊರೆಯನ್ನು ದಾಟಿಸಲು ಪ್ರೋಟೀನನ್ನು ನೂಕುವ ಯಂತ್ರವಿದೆ. ಅದಕ್ಕೆ ಬೇಕಾದ ಎ.ಟಿ.ಪಿ. ಎಂಬ ಶಕ್ತಿದ್ರವ್ಯ ಕೋಶದೊಳಗೆ ಯಥೇಚ್ಛವಾಗಿದೆ. ಹೊರಪೊರೆಯ ಬಳಿ ಆ ದ್ರವ್ಯವಿಲ್ಲ. ಹಾಗಿದ್ದರೆ ಅಲ್ಲಿ ನೂಕುವವರು ಯಾರು?

ಅಂಟುಪ್ರೋಟೀನು ತನ್ನ ಬಾಗಿಲನ್ನು ತಾನೇ ಹೊತ್ತು ಬರುತ್ತದೆ! ಅದರ ಬಾಲದ ಭಾಗ, ಹೊರಪೊರೆಯಲ್ಲಿರುವ ಒಂದು ಜೋಡಣಾಯಂತ್ರದ ನೆರವಿನಿಂದ, ಪೊರೆಯಲ್ಲಿ ನೆಟ್ಟು ನಿಂತು ಪೊಳ್ಳಾದ ಪೀಪಾಯಿಯ ರೂಪ ತಾಳುತ್ತದೆ. ಒಂದು ಬಗೆಯಲ್ಲಿ ಮೂರು ಸರಗಳು ಜೊತೆಗೂಡಿ ಒಂದೇ ಪೀಪಾಯಿಯನ್ನು ಕಟ್ಟುತ್ತವೆ. ಉಳಿದ ಭಾಗ ಹೊರಗೆ ಹೋಗುವುದು ಆ ಪೊಳ್ಳಿನೊಳಗಿಂದ. ದಾರಿ ಬಹಳ ಇಕ್ಕಟ್ಟು. ಗಂಟಾದ ನೂಲು ಸೂಜಿಯ ಕಣ್ಣಿನಲ್ಲಿ ತೂರದಂತೆ, ಮಡಿಚಿಕೊಂಡ ಪ್ರೋಟೀನು ಇಲ್ಲಿ ತೂರಲಾರದು. ಅದು ಮುಂಚೆಯೇ ಗಂಟಾಗದಂತೆ ನಡುವಣ ಓಣಿಯಲ್ಲಿ ಪರಿಚಾರಕ ಪ್ರೋಟೀನುಗಳು ಕಾಯುತ್ತವೆ. ಹೊರಗೆ ತಲೆಹಾಕಿದ ಭಾಗ ಮಾತ್ರ ಮಡಿಚಿಕೊಂಡು ಗಟ್ಟಿಯಾಗುತ್ತದೆ. ಗಟ್ಟಿಯಾದದ್ದು ಹಿಂದಕ್ಕೆ ಜಾರದು. ಕಟಪಾಡಿಯ ನೆರೆಯ ಶಂಕರಪುರದಲ್ಲಿ ಮಲ್ಲಿಗೆ ಕಟ್ಟುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು: ಬಾಳೆನಾರಿನ ಗಂಟು ಬಿದ್ದಂತೆಲ್ಲ ಹಿಂದಿನ ಹೂ ಜಾರದೆ ನಿಲ್ಲುತ್ತದೆ, ಮಾಲೆ ಮುಂದಕ್ಕೇ ಬೆಳೆಯುತ್ತದೆ. ಹೀಗೆ ಹೊರಗೆ ಮಡಿಚಿಕೊಳ್ಳುವ ಕ್ರಿಯೆಯೇ ಉಳಿದ ಸರವನ್ನು ಸೆಳೆದುಕೊಳ್ಳುವ ಬಲವೆಂದು ಬಹುಮಂದಿ ವಿಜ್ಞಾನಿಗಳ ಅಭಿಪ್ರಾಯ.

ಹೈದರಾಬಾದಿನ ಪ್ರಯೋಗ

ಭತ್ತದ ರೋಗಾಣುವಿನಲ್ಲಿ ಇಂತಹ ಕೈಯೊಂದನ್ನು ಗುರುತಿಸಿದವರು ನಮ್ಮ ದೇಶದವರೇ. ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದಲ್ಲಿ ರಮೇಶ್ ಸೊಂಟಿಯವರೂ ಅವರ ಸಹೋದ್ಯೋಗಿಗಳೂ 2002ರಲ್ಲಿ ‘ಕ್ಸಾಡ್ ಎ’ ಎಂಬ ಅಂಟುಪ್ರೋಟೀನಿನ ವಿಚಾರವನ್ನು ಪ್ರಕಟಿಸಿದರು. ಮನುಷ್ಯರನ್ನೂ ಪ್ರಾಣಿಗಳನ್ನೂ ಕಾಡುವ ರೋಗಾಣುಗಳ ಅಂಟುಪ್ರೋಟೀನುಗಳಿಗೂ ಇದಕ್ಕೂ ಹೋಲಿಕೆಯಿತ್ತು. ಈ ಪ್ರೋಟೀನನ್ನು ಕಳೆದುಕೊಂಡ ರೋಗಾಣುವನ್ನು ಗರಿಯ ಮೇಲ್ಮೈಗೆ ಸೋಕಿಸಿದಾಗ ಅದರ ರೋಗಕಾರಕ ಶಕ್ತಿ ಕುಂದಿತು. 2009ರಲ್ಲಿ ಅದೇ ಕೇಂದ್ರದವರು, ಈ ಜೀವಿಗೆ ಇಂತಹ ಹಲವು ಕೈಗಳುಂಟೆಂದೂ ಗರಿಗೆ ಅಂಟುವುದರಲ್ಲಿ, ಒಳಹೊಗುವುದರಲ್ಲಿ ಅವುಗಳ ಪಾತ್ರವೇನೆಂದೂ ತೋರಿಸಿದರು.

ಗದ್ದೆಗೆ ಪಾಠ

ಇದರಿಂದ ರೈತನಿಗೇನು? ನಾಟಿಯ ಕಾಲದಲ್ಲಿ ಉದ್ದವಾದ ನೇಜಿಯ ತುದಿಯನ್ನು ಕತ್ತರಿಸುವ ವಾಡಿಕೆ ಕೆಲವೆಡೆ ಉಂಟು. ಹಾಗೆ ಮಾಡಬಾರದೆಂದು ಕೃಷಿತಜ್ಞರು ಹೇಳುತ್ತ ಬಂದಿದ್ದಾರೆ. ಅದರ ಮರ್ಮ ಈಗ ಸ್ಪಷ್ಟ. ಇಡಿಯಾದ ಗರಿಯ ಮೇಲೆ ಶತ್ರು ಮೊದಲು ಅಂಟಬೇಕು, ಬಳಿಕ ರಂಧ್ರವನ್ನು ಹೊಗಬೇಕು. ಕತ್ತರಿಸಿದ ತುದಿ ಅದಕ್ಕೆ ಈ ಎರಡು ಶ್ರಮವನ್ನೂ ತಪ್ಪಿಸಿ, ನೇರವಾಗಿ ನೀರ್ನಾಳಕ್ಕೆ ದಾರಿ ಬಿಡುತ್ತದೆ. ಯೂರಿಯವನ್ನು ಅತಿಯಾಗಿ ಹಾಕಿದರೆ ಬೇನೆ ಬಲಿಯುತ್ತದೆ. ಬೇನೆ ತಗಲಿದ ಗದ್ದೆಯ ನೀರು ಪಕ್ಕದ ಗದ್ದೆಗೆ ಹರಿದರೆ ಅಲ್ಲಿಗೂ ಹಬ್ಬುತ್ತದೆ. ಸಂಶಯ ಬಂದಾಗ ಗರಿಯ ತುಂಡೊಂದನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟರೆ ಸಾಕು; ಕತ್ತರಿಸಿದ ಕಡೆಯಿಂದ ಹಾಲಿನಂತಹ ಎಳೆ ಇಳಿದರೆ ಅದು ರೋಗಾಣುಗಳ ಹೊಳೆಯೇ ಸರಿ.

ನಿರೋಧಶಕ್ತಿಯುಳ್ಳ ತಳಿಗಳೂ ಹುಟ್ಟಿವೆ. ಆಫ್ರಿಕದ ಕಾಡುಭತ್ತವೊಂದರಿಂದ ಬಂದದ್ದೂ ಸೇರಿ ಮೂರು ನಿರೋಧಕ ವಂಶವಾಹಿಗಳನ್ನು ಕೂಡಿಸಿದ ಸುಧಾರಿತ ಸಾಂಬಾ ಮಹಸೂರಿ, ಹೈದರಾಬಾದಿನ ಎರಡು ಸಂಸ್ಥೆಗಳ ದುಡಿಮೆಯ ಫಲವಾಗಿ 2008ರಲ್ಲಿ ಬಿಡುಗಡೆಯಾಯಿತು. ಕರಾವಳಿಯವರು ಕುಚ್ಚಲಕ್ಕಿಗೆಂದು ಬೆಳೆಯುವ ಕೆಂಪು ತಳಿಗಳು ಬೇರೆ. ಆದರೆ ವಿಧಾನ ಅವುಗಳಿಗೂ ಸಲ್ಲುವಂತಹುದು.

ಪೇಟೆಯ ಮನೆಯಲ್ಲಿ ಗಂಜಿಯುಣ್ಣುವವನಿಗೆ ಈ ಹೋರಾಟ ಕಾಣುವುದಿಲ್ಲ. ಆದರೂ ಅವನ ಬಟ್ಟಲು ತುಂಬುವುದು, ಎಲ್ಲೋ ಒಂದು ಬೈಲಿನಲ್ಲಿ, ಗರಿಯಂಚಿನ ಹನಿಯೊಂದರೊಳಗೆ ಕಾಣದ ಜೀವಿಯೊಂದರ ಹಿಡಿತ ತಪ್ಪಿದಾಗಲೇ.